ಗಿಡಕ್ಕೂ ಒಂದು ಪಹಣಿ ಬೇಕು

ಕಲಬುರಗಿಯ ಒಂದು ಉದ್ಯಾನ. ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಬೈಗುಳ ಬೀಳುವುದು ಅಲ್ಲಿನ ಮಾಲಿಗೆ, ಅವರದೇನೂ ತಪ್ಪಿಲ್ಲ. ಮೇ ತಿಂಗಳು, ಬೆಳಗ್ಗೆ ಏಳೂವರೆ. ಆಗಲೇ ಬಿಸಿಲು ಚುರ್ ಅನ್ನುತ್ತಿತ್ತು. ನೆರಳು ಹುಡುಕಿಕೊಂಡು ಒಂದು ಗಿಡದ ಕೆಳಗೆ ನಿಂತೆ. (ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು. ಬೇವಿನ ಗಿಡ, ಹುಣಸಿ ಗಿಡ. ಬೆಂಗಳೂರಿನವರು ಓದುತ್ತಿದ್ದರೆ ದೊಡ್ಡ ಮರವನ್ನೇ ಕಣ್ಮುಂದೆ ತಂದುಕೊಳ್ಳಿ.) ಬೊಡ್ಡೆಗೆ ತಂತಿಯಿಂದ ಒಂದು ತಗಡಿನ ಫಲಕ ಕಟ್ಟಿದ್ದರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: 'ಬನ್ನಿ ಮರ'. ಕಟ್ಟಿ ಎಷ್ಟು ವರ್ಷ ಆಯ್ತೋ ಏನೋ, ಗಿಡ ದಪ್ಪಗಾಗಿ ತೊಗಟೆ ಆ ತಂತಿಯನ್ನು ಅರ್ಧ ನುಂಗಿತ್ತು.

ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ ಆಯಿಯೊಬ್ಬರು ನಾನು ಫಲಕ ಓದುವುದನ್ನು ನೋಡಿ ನಕ್ಕರು. "ಇದು ಯಾವ ಬನ್ನಿ ತಮ್ಮಾ? ದಸರಾಕ್ಕ ಇದನ್ನ ಮುರಕೊಂಡು ಹೋದ್ರ ಕೈಯೆಲ್ಲ ರಕ್ತ ಆಗ್ತದ. ಇದು ಜಾಲಿ."

ಆಯಿ ಹೇಳಿದ್ದೇ ಸರಿ. ಅದು ಬಳ್ಳಾರಿ ಜಾಲಿ. ಗಂಟು ಗಂಟಿಗೂ ಉದ್ದನೆ ಜೋಡಿ ಮುಳ್ಳು, ಕೆಳಗೆ ಹಳದಿ ಬಣ್ಣದ ದಪ್ಪ ಕಾಯಿಗಳು. 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂದ ಗಿಡ. ಗಡಿಯಾಚೆಯ ತೆಲುಗರು ಇದನ್ನು 'ಸರ್ಕಾರು ತುಮ್ಮ' ಅನ್ನುತ್ತಾರೆ, ಅಂದರೆ ಸರ್ಕಾರಿ ಜಾಲಿ. ಫಲಕ ಬರೆದವರು ಎಡವಿದ್ದು ಎಲ್ಲಿ ಅಂತಲೂ ಊಹಿಸಬಹುದು. ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಸಸ್ಯಶಾಸ್ತ್ರದವರು ಬಹಳ ಕಾಲ ಪ್ರೊಸೊಪಿಸ್ ಎಂಬ ಒಂದೇ ಮನೆತನದಲ್ಲಿ ಇಟ್ಟಿದ್ದರು. ಯಾರೋ ಪುಸ್ತಕದಲ್ಲಿ ಪ್ರೊಸೊಪಿಸ್ ಅಂತ ನೋಡಿ, ಅದಕ್ಕೆ ಕನ್ನಡದಲ್ಲಿ ಬನ್ನಿ ಅಂತ ಬರೆದು, ಪೇಂಟರ್ ಕೈಗೆ ಕೊಟ್ಟಿರಬೇಕು.

ಸಣ್ಣ ತಪ್ಪು, ನಕ್ಕು ಬಿಡಬಹುದು. ಆದರೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಒಂದು ಅರ್ಬೊರೇಟಮ್ ಬೇಕು ಎನ್ನುವ ಮಾತು ಬಂದಾಗಲೆಲ್ಲ ನನಗೆ ಆ ತಗಡೇ ನೆನಪಾಗುತ್ತದೆ. ನಮ್ಮಲ್ಲಿ ಗಿಡಕ್ಕೇನೂ ಬರ ಇಲ್ಲ, ಜಾಲಿಯಂತೂ ಬೇಡವೆಂದರೂ ಬರುತ್ತದೆ. ಯಾವ ಗಿಡ, ಯಾವ ಊರಿನದು, ಯಾವಾಗ ಬಂತು ಅಂತ ಬರೆದಿಡುವವರು ಇಲ್ಲ.

ಅರ್ಬೊರೇಟಮ್ ಎಂದರೆ ಸರಳವಾಗಿ ಮರಗಳ ಸಂಗ್ರಹಾಲಯ. ವೃಕ್ಷೋದ್ಯಾನ ಅಂತಲೂ ಕರೆಯುತ್ತಾರೆ. ಆದರೆ ಈ ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ಅರಣ್ಯ ಇಲಾಖೆಯ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳು ರಾಜ್ಯದ ಹಲವು ಊರುಗಳಲ್ಲಿವೆ. ಹೈದರಾಬಾದ್ ರಸ್ತೆಯಲ್ಲಿ ಬೀದರ್ ಹತ್ತಿರ ದೇವದೇವ ವನ ಇದೆ. ಇವೆಲ್ಲ ಬೇಕಾದವೇ. ಜನ ನಡೆದಾಡುತ್ತಾರೆ, ಮಕ್ಕಳು ಆಡುತ್ತಾರೆ, ಗಾಳಿ ತಂಪಾಗುತ್ತದೆ. ಪಾರ್ಕಿನಲ್ಲಿ ಒಂದು ಬೇವು ಸತ್ತರೆ ಇನ್ನೊಂದು ಬೇವು ನೆಟ್ಟರಾಯಿತು, ಲೆಕ್ಕ ಸರಿಹೋಯಿತು. ಅರ್ಬೊರೇಟಮ್‌ನಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಗಿಡಕ್ಕೂ ಒಂದು ಸಂಖ್ಯೆ ಇರುತ್ತದೆ. ಗಿಡ ಸತ್ತರೆ ಆ ಸಂಖ್ಯೆಯೂ ಅಲ್ಲಿಗೇ ಮುಗಿಯಿತು, ಬೇರೆ ಗಿಡಕ್ಕೆ ಅದನ್ನು ಕೊಡುವುದಿಲ್ಲ. ಯಾಕೆ ಸತ್ತಿತು ಅಂತಲೂ ಬರೆಯುತ್ತಾರೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಗಿಡದ ಪಹಣಿ. ಹೊಲಕ್ಕೆ ಸರ್ವೆ ನಂಬರ್, ಮಣ್ಣು, ನೀರಿನ ಮೂಲ, ಬೆಳೆ ಅಂತ ಕಾಲಂ ಇರುತ್ತವಲ್ಲ, ಹಾಗೆ. ಉದಾಹರಣೆಗೆ ಒಂದು ಸಾಲು ಹೀಗಿರಬಹುದು: ದಿಂಡಿಗ, ಕ್ರಮ ಸಂಖ್ಯೆ 14, ತಾಯಿ ಗಿಡ ಚಿಂಚೋಳಿ ತಾಲ್ಲೂಕಿನ ಇಂಥ ಗುಡ್ಡದ ಉತ್ತರದ ಇಳಿಜಾರು, ಕೆಂಪು ಮಣ್ಣು, ಬೀಜ ಆರಿಸಿದ ದಿನ ಇಂಥದ್ದು, ಆರಿಸಿದವರು ಇಂಥವರು, ಮೊಳಕೆ ಇಷ್ಟು ದಿನಕ್ಕೆ, ನೆಟ್ಟ ಜಾಗ ಇಂಥದ್ದು. ಆಮೇಲೆ ಪ್ರತಿ ವರ್ಷ ಎತ್ತರ, ಸುತ್ತಳತೆ, ಹೂ ಬಿಟ್ಟ ವಾರ, ರೋಗ. ಐವತ್ತು ವರ್ಷ ಬಿಡದೆ ಬರೆಯಬೇಕು. ಓದಲು ಬೇಜಾರಿನ ಪುಸ್ತಕ, ನಿಜ. ಆದರೆ ಆ ಪುಸ್ತಕ ಕಳೆದುಹೋದ ದಿನ ಅರ್ಬೊರೇಟಮ್ ಬರೀ ಪಾರ್ಕ್ ಆಗುತ್ತದೆ.

ಇದಕ್ಕೆ ಕೋಟಿ ಕೋಟಿ ಬೇಕು ಅಂದುಕೊಳ್ಳಬೇಡಿ. ಅಮೆರಿಕದ ಮಾರ್ಟನ್ ಅರ್ಬೊರೇಟಮ್ ನಡೆಸುವ ಅರ್ಬ್‌ನೆಟ್ ಎಂಬ ಜಾಲ ಪ್ರಪಂಚದ ಇಂಥ ತಾಣಗಳಿಗೆ ಮಾನ್ಯತೆ ಕೊಡುತ್ತದೆ. ಅದರ ಮೊದಲ ಮೆಟ್ಟಿಲಿಗೆ ಕೇಳುವುದು ಬರೀ 25 ಜಾತಿಯ ಗಿಡ. ಹೆಸರಿನ ಫಲಕ ಇರಬೇಕು, ಒಂದು ಯೋಜನೆ ಇರಬೇಕು, ಜನರಿಗೆ ಬಾಗಿಲು ತೆರೆದಿರಬೇಕು. ಮೇಲಿನ ಮೆಟ್ಟಿಲಿಗೆ ಹೋದಂತೆ 100, 500 ಅಂತ ಏರುತ್ತದೆ. ಇಪ್ಪತ್ತೈದು ಜಾತಿ ನಮ್ಮ ಯಾವುದಾದರೂ ಹಳೇ ಕಾಲೇಜಿನ ಆವರಣದಲ್ಲೇ ಸಿಗುತ್ತವೆ. ಸಿಗದಿರುವುದು ಸರಿಯಾದ ಫಲಕ!

ಬೀಜ ಡಬ್ಬಿಯಲ್ಲಿಟ್ಟರೆ ಸಾಲದಾ?

ಅನೇಕರು ಕೇಳುವ ಪ್ರಶ್ನೆ ಇದು. ಬೀಜ ಬ್ಯಾಂಕ್‌ಗಳಿವೆ, ತಣ್ಣಗೆ ಒಣಗಿಸಿ ಇಟ್ಟರೆ ದಶಕಗಟ್ಟಲೆ ಉಳಿಯುತ್ತವೆ, ಮತ್ತೆ ಇಷ್ಟು ಎಕರೆ ಯಾಕೆ?

ಜಾಲಿ, ಹುಣಸೆಗೆ ಆ ಮಾತು ಒಪ್ಪುತ್ತದೆ. ಅವುಗಳ ಬೀಜದ ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೂ ಮೊಳಕೆ ಬರುತ್ತದೆ. ಇಪ್ಪೆಯದು ಬೇರೆ ಕತೆ. ಇಪ್ಪೆ ಬೀಜ ಒಣಗಿದರೆ ಸತ್ತ ಹಾಗೆ, ಕೆಲವೇ ವಾರ ಅದರ ಆಯಸ್ಸು. ನೇರಳೆಯೂ ಹಾಗೇ. ಬೇವಿನ ಬೀಜಕ್ಕೆ ಸ್ವಲ್ಪ ಜಾಸ್ತಿ ಅವಕಾಶ ಇದೆ, ಅದೂ ಮಾಮೂಲಿ ಗೋಡೌನಿನಲ್ಲಿ ಬೇಗ ಕೆಡುತ್ತದೆ. ಇಂಥವನ್ನು ಉಳಿಸಬೇಕಂದರೆ ಜೀವಂತ ಗಿಡವಾಗಿಯೇ ಉಳಿಸಬೇಕು. ಗಿಡವೇ ಅದರ ಬ್ಯಾಂಕು.

ಇನ್ನು ಒಂದು ಜಾತಿಗೆ ಒಂದೊಂದು ಗಿಡ ನೆಟ್ಟು ಫಲಕ ಹಾಕಿದರೆ ನೋಡಲು ಚೆನ್ನಾಗಿರುತ್ತದೆ, ಸಂರಕ್ಷಣೆಯಂತೂ ಆಗುವುದಿಲ್ಲ. ಒಂದೇ ತಾಯಿಯ ಬೀಜದಿಂದ ನೂರು ಸಸಿ ಮಾಡಿದರೆ ಎಲ್ಲವೂ ಅಕ್ಕತಂಗಿಯರೇ. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂದೀತು. ಆದ್ದರಿಂದ ಜಾತಿಗೆ ಕನಿಷ್ಠ ಐದು ತಾಯಿ ಗಿಡ ಬೇಕು, ಒಂದಕ್ಕೊಂದು ದೂರದ ಊರಿನವು. ಒಂದೊಂದು ತಾಯಿಗೆ ಮೂರು ಸಸಿ. ನೂರು ಜಾತಿ ಅಂದರೆ 1,500 ಗಿಡ. ಎಂಟು ಮೀಟರ್‌ಗೆ ಒಂದರಂತೆ ನೆಟ್ಟರೆ ಎಕರೆಗೆ 63 ಹಿಡಿಯುತ್ತವೆ. ದಾರಿ, ನರ್ಸರಿ, ಶೌಚಾಲಯ ಬಿಟ್ಟು ಲೆಕ್ಕ ಹಾಕಿದರೆ 24 ಎಕರೆ, ಎಲ್ಲ ಸೇರಿ 30 ಎಕರೆ. ಲಾಲ್‌ಬಾಗ್ 240 ಎಕರೆ ಇದೆ. ನಮಗೆ ಅದರ ಎಂಟನೇ ಒಂದು ಭಾಗ ಸಾಕು.

ಇದು ಬರೀ ಹವ್ಯಾಸದವರ ಚಿಂತೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದ ಹೊತ್ತಿಗೆ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಪ್ರಪಂಚದ ಮರಗಳ ಲೆಕ್ಕ ಹೊರಗಿಟ್ಟಿತು. 47,000ಕ್ಕೂ ಹೆಚ್ಚು ಜಾತಿಗಳನ್ನು ಪರಿಶೀಲಿಸಿದರೆ ಸುಮಾರು 38% ಅಳಿವಿನ ಅಂಚಿಗೆ ಬಂದಿವೆ. ನಮ್ಮ ಶ್ರೀಗಂಧವೂ ಅಪಾಯದ ಪಟ್ಟಿಯಲ್ಲಿದೆ.

ಮೂರು ಜಿಲ್ಲೆ, ಮೂರು ತರದ ನೆಲ

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿಗಾದರೂ ಒಪ್ಪುತ್ತದೆ. ನಮ್ಮ ಭಾಗದ ತಕರಾರು ಶುರುವಾಗುವುದು ಮಣ್ಣಿನಲ್ಲಿ. ಬೆಂಗಳೂರಿನಲ್ಲಿ ಕೂತು ನಕ್ಷೆ ಬರೆಯುವವರಿಗೆ ಕಲಬುರಗಿ-ಬೀದರ್-ಯಾದಗಿರಿ ಅಂದರೆ ಒಂದೇ ಬಯಲುಸೀಮೆ. ಅಲ್ಲ.

ಕಲಬುರಗಿ ಸುತ್ತ ಎರಿ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಚಪ್ಪಲಿಗೆ ಅಂಟಿಕೊಂಡು ಒಂದೊಂದು ಕಾಲೂ ಎರಡೆರಡು ಕೆ.ಜಿ. ಆಗುತ್ತದೆ. ಬೇಸಿಗೆಯಲ್ಲಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಹೊಲಕ್ಕೆ ಹೋಗಿ ಬಿರುಕಿನಲ್ಲಿ ಕೈ ಇಳಿಸಿ ನೋಡಿ, ಮೊಣಕೈವರೆಗೆ ಹೋಗುತ್ತದೆ. ಆ ಬಿರುಕು ಎಳೆ ಬೇರನ್ನು ಸೀಳುತ್ತದೆ. ಇನ್ನೊಂದು ಮೋಸ ಗುಂಡಿಯದು. ಎರಿ ಮಣ್ಣಿನಲ್ಲಿ ಗುಂಡಿ ತೋಡಿ ಅದಕ್ಕೆ ಕೆಂಪು ಮಣ್ಣು, ಗೊಬ್ಬರ ತುಂಬಿದರೆ ಏನಾಗುತ್ತದೆ ಗೊತ್ತಾ? ಸುತ್ತಲಿನ ಜಿಗುಟು ಮಣ್ಣು ಬಕೆಟ್ಟಿನ ಗೋಡೆ ಇದ್ದ ಹಾಗೆ. ಜುಲೈನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಗಿಡ ಒಣಗಿದರೆ ನಾವು ನೀರು ಸಾಲಲಿಲ್ಲ ಅಂದುಕೊಳ್ಳುತ್ತೇವೆ. ಸತ್ತಿದ್ದು ನೀರು ಜಾಸ್ತಿಯಾಗಿ! ಇಲ್ಲಿ ಗುಂಡಿಗಿಂತ ದಿಬ್ಬ ಮಾಡಿ ನೆಡುವುದೇ ಲೇಸು. ಕರಿಜಾಲಿಗೆ ಇದ್ಯಾವುದರ ಚಿಂತೆಯೂ ಇಲ್ಲ, ಎರಿ ಅಂದರೆ ಅದಕ್ಕೆ ತವರುಮನೆ.

ಸ್ವಲ್ಪ ಪೂರ್ವಕ್ಕೆ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹೋದರೆ ಕೆಳಗೆ ಸುಣ್ಣದ ಕಲ್ಲು. ಮನೆಗೆ ಹಾಸುವ ಪರಸಿ ಬರುವುದು ಇಲ್ಲಿಂದ, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಸುಣ್ಣ ಜಾಸ್ತಿ ಇದ್ದರೆ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಗಿಡದ ಬೇರಿಗೆ ಸಿಗುವುದಿಲ್ಲ. ಎಲೆಯ ನರ ಮಾತ್ರ ಹಸಿರು, ನಡುವೆ ಎಲ್ಲ ಹಳದಿ. ಊಟದ ಮುಂದೆ ಕೂರಿಸಿ ಕೈ ಕಟ್ಟಿದ ಹಾಗೆ.

ಬೀದರ್ ಇದಕ್ಕೆ ಪೂರ್ತಿ ಉಲ್ಟಾ. ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ಅದರ ಅಡಿಯಲ್ಲಿ ಕಪ್ಪು ಬಸಾಲ್ಟ್. ಮಳೆ ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಸರ್ರನೆ ಇಳಿದು ಬಸಾಲ್ಟ್ ಮೇಲೆ ನಿಲ್ಲುತ್ತದೆ. ಬಹಮನಿಯವರ ಕಾಲದ ಜನ ಇದನ್ನು ಅರ್ಥ ಮಾಡಿಕೊಂಡೇ ನೌಬಾದ್‌ನ ಸುರಂಗ ಬಾವಿ ತೋಡಿದರು. ಕರೇಜ್ ಅಂತಾರಲ್ಲ, ಅದೇ. ನೆಲದಡಿ ಕಾಲುವೆ, ಮೇಲಿಂದ ಅದಕ್ಕೆ 20ಕ್ಕೂ ಹೆಚ್ಚು ಬಾವಿಗಳ ಬಾಯಿ. ಗಿಡಕ್ಕೆ ಇದರ ಅರ್ಥ ಇಷ್ಟು: ಮೇಲ್ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯುವವರೆಗೆ ಕಷ್ಟ, ಇಳಿದ ಮೇಲೆ ಆರಾಮ. ಸುಣ್ಣವೂ ಇಲ್ಲ. ಸೀತಾಫಲಕ್ಕೆ ಈ ನೆಲ ಹೇಳಿ ಮಾಡಿಸಿದ್ದು.

ಯಾದಗಿರಿಯಲ್ಲಿ ಸುರಪುರ, ಶಹಾಪುರದ ಕಡೆ ಗ್ರಾನೈಟ್ ಗುಂಡುಗಳು. ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡಿದವರಿಗೆ ಗೊತ್ತು. ಬಂಡೆಗಳ ಸಂದಿಯಲ್ಲಿ ಕೆಂಪು ಮರಳು ಮಣ್ಣು, ಮಧ್ಯಾಹ್ನಕ್ಕೆ ಬಂಡೆ ಕಾದ ಹೆಂಚು. ಆದರೆ ಅದೇ ಬಂಡೆಯ ಮೇಲೆ ಬಿದ್ದ ಮಳೆಯೆಲ್ಲ ಸಂದಿಗೇ ಇಳಿಯುತ್ತದೆ. ಬಂಡೆ ಸಂದಿಯ ಅತ್ತಿ, ಬಸರಿ ಗಿಡಗಳು ನೀರಾವರಿ ಇಲ್ಲದೆ ಹಸಿರಾಗಿರುವುದು ಇದರಿಂದ.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ಒಂದೇ ಕಡೆ ನೂರು ಎಕರೆ ಬೇಲಿ ಹಾಕುವುದಕ್ಕಿಂತ ಮೂರು ನೆಲದಲ್ಲಿ ಹತ್ತತ್ತು ಎಕರೆ ಸಾಕು. ದಫ್ತರ, ಅಂದರೆ ಗಿಡಗಳ ಪಹಣಿ ಪುಸ್ತಕ ಮಾತ್ರ ಒಂದೇ ಇರಬೇಕು. ಚಿಂಚೋಳಿಯ ಅದೇ ದಿಂಡಿಗದ ಮಕ್ಕಳು ಎರಿಯಲ್ಲೂ, ಜಂಬಿಟ್ಟಿಗೆಯಲ್ಲೂ, ಬಂಡೆ ಸಂದಿಯಲ್ಲೂ ಬೆಳೆಯಲಿ. ಯಾವುದು ಎಲ್ಲಿ ಹೇಗೆ ಬೆಳೆಯಿತು ಅಂತ ಹತ್ತು ವರ್ಷ ಬರೆದರೆ ಅದೇ ಸಂಶೋಧನೆ. ರಸ್ತೆ ಬದಿಗೆ ಯಾವ ಗಿಡ ಹಾಕಬೇಕು ಅಂತ ಆಮೇಲೆ ಯಾರನ್ನೂ ಕೇಳಬೇಕಿಲ್ಲ. ಚಿಂಚೋಳಿಯ ಹೆಸರು ಮತ್ತೆ ಮತ್ತೆ ಎತ್ತುವುದಕ್ಕೂ ಕಾರಣ ಇದೆ. 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಆ 134 ಚದರ ಕಿ.ಮೀ. ಕಾಡೇ ನಮ್ಮ ತಾಯಿ ಗಿಡಗಳ ದೊಡ್ಡ ಆಸ್ತಿ. ಅರ್ಬೊರೇಟಮ್ ಆ ಕಾಡಿಗೆ ಬದಲಿಯಲ್ಲ, ಅದರ ಜೆರಾಕ್ಸ್ ಇದ್ದ ಹಾಗೆ.

ತೊಗರಿಗೂ ಇದಕ್ಕೂ ಏನು ಸಂಬಂಧ

ರೈತರ ಮುಂದೆ ಈ ವಿಷಯ ಎತ್ತಿದರೆ ಮೊದಲು ಬರುವ ಮಾತು: ಇದರಿಂದ ನಮಗೇನು ಬರ್ತದ್ರಿ? ನ್ಯಾಯವಾದ ಪ್ರಶ್ನೆ.

ಶ್ರೀಗಂಧದಿಂದ ಶುರು ಮಾಡೋಣ. ಗಂಧ ಅರ್ಧ ಪರಾವಲಂಬಿ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಚುಚ್ಚಿ ಆಹಾರ ಎಳೆದುಕೊಳ್ಳುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಹಾಗಾಗಿ ನರ್ಸರಿಯವರು ಗಂಧದ ಸಸಿಯ ಜತೆ ಇನ್ನೊಂದು ಸಸಿ ಬೆಳೆಸುತ್ತಾರೆ. ಆ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಯಾವುದು ಗೊತ್ತಾ? ತೊಗರಿ! ನಮ್ಮ ಕಲಬುರಗಿಯ, 2019ರಲ್ಲಿ ಜಿಐ ಟ್ಯಾಗ್ ಪಡೆದ ಅದೇ ತೊಗರಿ. ತೊಗರಿ ಬಾಳುವುದು ಒಂದೆರಡು ವರ್ಷ. ಆಮೇಲೆ ಗಂಧಕ್ಕೆ ದೊಡ್ಡ ಜತೆ ಬೇಕು. ನಮ್ಮ ಎರಿಯಲ್ಲಿ ಆ ಜತೆಗೆ ಯಾವ ಗಿಡ ಒಳ್ಳೆಯದು, ಹೊಂಗೆಯಾ, ಕರಿಜಾಲಿಯಾ? ಹೊಲದಲ್ಲಿ ಗಂಧ ಹಾಕಿದ ರೈತರು ಒಬ್ಬೊಬ್ಬರೂ ತಮ್ಮ ದುಡ್ಡಿನಲ್ಲಿ ಈ ಪ್ರಯೋಗ ಮಾಡುತ್ತಿದ್ದಾರೆ. ಒಂದು ಅರ್ಬೊರೇಟಮ್ ಅದನ್ನು ಒಂದೇ ಸಲ ಮಾಡಿ ಎಲ್ಲರಿಗೂ ಹೇಳಬಹುದು.

ಇನ್ನೊಂದು, ಕಾಡು ಬಂಧುಗಳ ವಿಷಯ. ಬೀದರ್‌ನಿಂದ ಹೈದರಾಬಾದ್‌ಗೆ ಹೋಗುವಾಗ ಸಿಗುವ ಪಟಾಂಚೇರುವಿನಲ್ಲಿ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ, 1972ರಲ್ಲಿ ಶುರುವಾದದ್ದು. ಅಲ್ಲಿಯವರು ತೊಗರಿಯ ಹೈಬ್ರಿಡ್ ತಯಾರಿಸಿದಾಗ ದಾರಿ ತೋರಿಸಿದ್ದು ಕಜಾನಸ್ ಕಜಾನಿಫೋಲಿಯಸ್ ಎಂಬ ಕಾಡು ತೊಗರಿ. ಯಾರೂ ಬಿತ್ತದ, ಯಾರೂ ತಿನ್ನದ ಗಿಡ. ಅದರಿಂದ ಬಂದ ಐಸಿಪಿಎಚ್ 2671 ತಳಿ 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ನಮ್ಮ ಹಳ್ಳದ ದಂಡೆಗಳಲ್ಲೂ ತೊಗರಿಯ ಕಾಡು ಬಂಧುವೊಂದು ಬಳ್ಳಿಯಾಗಿ ಹಬ್ಬುತ್ತದೆ. ದನ ಮೇಯುತ್ತವೆ, ನಾವು ಕಣ್ಣೆತ್ತಿ ನೋಡುವುದಿಲ್ಲ. ನೆಟೆ ರೋಗ ಬಂದು ಹೊಲ ಹೊಲವೇ ಒಣಗಿ ನಿಂತ ವರ್ಷ ಮಾತ್ರ ಎಲ್ಲರಿಗೂ ತಳಿ ನೆನಪಾಗುತ್ತದೆ.

ಬೇವಿನದೂ ಇದೇ ಕತೆ. 2021ರಲ್ಲಿ ತೆಲಂಗಾಣದಲ್ಲಿ ಬೇವಿನ ಗಿಡಗಳು ತುದಿಯಿಂದ ಒಣಗತೊಡಗಿದವು. ಫೊಮೊಪ್ಸಿಸ್ ಎಂಬ ಶಿಲೀಂಧ್ರದ ಕೆಲಸ, ಜತೆಗೆ ರಸ ಹೀರುವ ಕೀಟವೂ ಸೇರಿತ್ತು. ನಮ್ಮ ಓಣಿಯ ಬೇವಿನ ತುದಿಗಳೂ ಸುಟ್ಟ ಹಾಗೆ ಕಂದಾದವು. ಯುಗಾದಿಗೆ ಬೇವು ಎಲ್ಲಿಂದ ತರೋದು ಅಂತ ಜನ ಗಾಬರಿಯಾದರು. ಎಷ್ಟೋ ಗಿಡ ಮುಂದಿನ ಮಳೆಗೆ ಚಿಗುರಿದವು, ಕೆಲವು ಚಿಗುರಲಿಲ್ಲ. ಯಾವ ಗಿಡ ತಡೆದುಕೊಂಡಿತು, ಅದರ ತಾಯಿ ಎಲ್ಲಿಯದು? ಹದಿನೈದು ವರ್ಷ ಹಳೆಯ ಒಂದು ದಫ್ತರ ಇದ್ದಿದ್ದರೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗುತ್ತಿತ್ತು. ಇಲ್ಲವಾದ್ದರಿಂದ ಎಲ್ಲರೂ ಬರೀ ಮೊಬೈಲಿನಲ್ಲಿ ಫೋಟೊ ಕಳಿಸಿಕೊಂಡೆವು.

ಜಾಗ ಎಲ್ಲಿ?

ಇಲ್ಲಿ ನನಗೆ ಸ್ವಲ್ಪ ಭಯ. ಸರ್ಕಾರಿ ಜಾಗ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಗಾಯರಾಣ. ಖಾಲಿ ಜಾಗ ಅಂತ ಬರೆದುಬಿಡುತ್ತಾರೆ. ಅದು ಖಾಲಿ ಅಲ್ಲ. ಹುಲ್ಲುಗಾವಲು. ದನಕರು ಮೇಯುತ್ತವೆ, ಬೀದರ್ ಕಡೆ ಚಿಗರಿಗಳ ಹಿಂಡು ಓಡಾಡುತ್ತವೆ. ಬಯಲಲ್ಲಿ ಬದುಕುವ ಪ್ರಾಣಿಗೆ ಮರಗಳ ಗುಂಪು ಅಂದರೆ ಮನೆ ಕಳೆದುಕೊಂಡ ಹಾಗೆ. ಮರ ನೆಡುವುದೆಲ್ಲ ಪುಣ್ಯದ ಕೆಲಸ ಅಂದುಕೊಂಡಿದ್ದೇವಲ್ಲ, ಹುಲ್ಲುಗಾವಲಿನಲ್ಲಿ ಅದು ಹಾಗಲ್ಲ.

ಕೆಟ್ಟುಹೋದ ಜಾಗ ನಮ್ಮಲ್ಲಿ ಬೇಕಾದಷ್ಟಿದೆ. ಕಲ್ಲು ತೆಗೆದು ಬಿಟ್ಟುಹೋದ ಪರಸಿ ಗಣಿಗಳು, ಬಳ್ಳಾರಿ ಜಾಲಿ ಮುಚ್ಚಿದ ಬಂಡೆ ನೆಲ. ಇದು ಆಗುವ ಮಾತಾ ಅಂತ ಕೇಳುವವರು ಜೋಧಪುರಕ್ಕೆ ಹೋಗಿ ಬರಬೇಕು. ಮೆಹ್ರಾನ್‌ಗಢ ಕೋಟೆಯ ಬುಡದ ಸುಮಾರು 70 ಹೆಕ್ಟೇರ್ ಬಂಡೆ ಭೂಮಿಯನ್ನು ಇದೇ ಜಾಲಿ ನುಂಗಿತ್ತು. 2006ರಲ್ಲಿ ಪ್ರದೀಪ್ ಕೃಷನ್ ಮತ್ತು ಅವರ ತಂಡ ಅಲ್ಲಿ ಕೆಲಸ ಶುರು ಮಾಡಿತು. ಜಾಲಿ ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಬಂಡೆಯ ಒಳಗಿರುತ್ತದೆ. ಕೊನೆಗೆ ಕೈ ಹಿಡಿದದ್ದು ಖಾಂಡ್ವಾಲಿಯಾ ಎಂಬ ಸ್ಥಳೀಯ ಕಲ್ಲು ಒಡೆಯುವವರು. ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಎಲ್ಲಿ ಮೆತ್ತಗಿದೆ ಅಂತ ಹೇಳುವ ಜನ. ಅವರು ಉಳಿಯಿಂದ ಬೇರು ತೆಗೆದರು, ಅದೇ ಗುಂಡಿಗಳಲ್ಲಿ ಮರುಭೂಮಿಯ ಅಸಲಿ ಗಿಡಗಳನ್ನು ನೆಟ್ಟರು. 2011ರಲ್ಲಿ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್ ಜನರಿಗೆ ತೆರೆಯಿತು. ಶಹಾಬಾದ್, ಚಿತ್ತಾಪುರದಲ್ಲಿ ಪರಸಿ ತೆಗೆಯುವವರಿಗೂ ಕಲ್ಲಿನ ಪದರದ ಜ್ಞಾನ ಅಷ್ಟೇ ಇದೆ. ಅವರನ್ನು ಕೂಲಿಗೆ ಮಾತ್ರ ಕರೆಯಬೇಡಿ, ಸಲಹೆಗೂ ಕರೆಯಿರಿ.

ಹೊರಗಿನ ಗಿಡ ಬೇಡ, ನಮ್ಮವೇ ಇರಲಿ ಅನ್ನುವವರೂ ಸಿಗುತ್ತಾರೆ. ಹೃದಯ ಒಪ್ಪುತ್ತದೆ, ಆದರೆ ಹುಣಸೆಯ ಮೂಲವೇ ಆಫ್ರಿಕ! ಅರಬರು ಅದನ್ನು 'ಹಿಂದ್‌ನ ಖರ್ಜೂರ' ಅಂತ ಕರೆದದ್ದರಿಂದ ಪ್ರಪಂಚ ಅದನ್ನು ನಮ್ಮದೇ ಅಂದುಕೊಂಡಿತು. ಗುಲ್‌ಮೊಹರ್ ಮಡಗಾಸ್ಕರ್‌ನದು, ಸೀತಾಫಲ ಅಮೆರಿಕದ್ದು. ಇವನ್ನೆಲ್ಲ ಹೊರಗೆ ಹಾಕಿದರೆ ಸಾರಿಗೆ ಹುಳಿ ಇರುವುದಿಲ್ಲ. ಆದರೆ ಹೊಸದಾಗಿ ತರುವಾಗ ಎಚ್ಚರ ಬೇಕು. ಇವತ್ತು ನಮ್ಮ ಕಾಡುಗಳನ್ನು ತಿನ್ನುತ್ತಿರುವ ಲಂಟಾನ 19ನೇ ಶತಮಾನದ ಆರಂಭದಲ್ಲಿ ದೇಶದೊಳಗೆ ಬಂದದ್ದು ಕೋಲ್ಕತ್ತದ ಸಸ್ಯೋದ್ಯಾನಕ್ಕೆ, ಹೂವಿನ ಚಂದಕ್ಕೆ ಅಂತ.

ಜನ ಯಾಕೆ ಬರಬೇಕು

ಸಂರಕ್ಷಣೆ, ಸಂಶೋಧನೆ ಅಂತ ಬೋರ್ಡು ಹಾಕಿ ಗೇಟಿಗೆ ಬೀಗ ಜಡಿದರೆ ಹತ್ತು ವರ್ಷದಲ್ಲಿ ಯಾರೋ ಅದನ್ನು ಸೈಟ್ ಮಾಡುತ್ತಾರೆ. ಜನ ಓಡಾಡುವ ಜಾಗಕ್ಕೆ ಜನರೇ ಕಾವಲು.

ನಮ್ಮವರಿಗೆ ಗಿಡದ ಕೆಳಗೆ ಕೂರುವುದನ್ನು ಯಾರೂ ಕಲಿಸಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಕಲಬುರಗಿ, ಬೀದರ್ ಪೇಟೆಗಳು ಅರ್ಧ ಖಾಲಿ. ಎಲ್ಲರೂ ಹೊಲದಲ್ಲಿ. ಚರಗ ಚೆಲ್ಲಿ, ಬೇವಿನ ಗಿಡದ ಕೆಳಗೆ ಚಾದರ ಹಾಸಿ, ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಹೊಲ ಇಲ್ಲದವರು, ಹೊಲ ಮಾರಿ ಪೇಟೆ ಸೇರಿದವರು ಅವತ್ತು ಎಲ್ಲಿಗೆ ಹೋಗಬೇಕು? ಅರ್ಬೊರೇಟಮ್‌ನಲ್ಲಿ ಒಂದು ತೋಪನ್ನು ಬುತ್ತಿ ಬಿಚ್ಚಲು ಅಂತಲೇ ಬಿಡಬೇಕು. ದಾರಿಗೆ ಪರಸಿ ಹಾಸಬೇಡಿ, ನಮ್ಮ 42-43 ಡಿಗ್ರಿಗೆ ಕಾಲು ಸುಡುತ್ತದೆ, ಮಳೆ ನೀರೂ ಇಂಗುವುದಿಲ್ಲ. ಮುರುಮು ಸಾಕು. ಕುಡಿಯುವ ನೀರು, ಹೆಂಗಸರಿಗೆ ಒಳ್ಳೆ ಶೌಚಾಲಯ, ಬೆನ್ನು ಒರಗುವ ಬೆಂಚು. ಸಂಗೀತ ಕಾರಂಜಿ ಬೇಡವೇ ಬೇಡ. ದಾರಿ ಬದಿಗೆ ಮೊದಲು ಹೊಂಗೆ, ಬೇವು ಹಾಕಿ. ಬನ್ನಿ ನೆರಳು ಕೊಡುವ ಹೊತ್ತಿಗೆ ಈಗಿನ ಮಕ್ಕಳಿಗೆ ಮದುವೆಯಾಗಿರುತ್ತದೆ.

ಫಲಕದ ಮೇಲೆ ಲ್ಯಾಟಿನ್ ಹೆಸರು ಇರಲಿ, ಕನ್ನಡ ಇರಲಿ. ಜತೆಗೆ ನಮ್ಮ ಊರಿನ ಉಳಿದ ಭಾಷೆಗಳೂ ಇರಲಿ. ಮುತ್ತಲ ಗಿಡಕ್ಕೆ ಮರಾಠಿಯಲ್ಲಿ ಪಳಸ, ತೆಲುಗಿನಲ್ಲಿ ಮೋದುಗ, ಉರ್ದು ಮಾತಾಡುವವರಿಗೆ ಟೇಸು. ತಾಂಡಾದ ಹಿರಿಯರನ್ನು ಕೇಳಿದರೆ ಇನ್ನೊಂದು ಹೆಸರು, ಜತೆಗೆ ಹೋಳಿಗೆ ಅದರ ಹೂವಿನಿಂದ ಬಣ್ಣ ಮಾಡುವ ಬಗೆ. ಬನ್ನಿ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮಹಾರಾಷ್ಟ್ರದಲ್ಲಿ ದಸರಾಕ್ಕೆ ಬಂಗಾರ ಅಂತ ಹಂಚುವುದು ಆಪ್ಟಾ ಎಲೆ, ಅದು ಬೇರೆಯೇ ಗಿಡ. ಹೆಸರು ಒಂದು, ಎಲೆ ಇನ್ನೊಂದು.

ನೋಡಿಕೊಳ್ಳುವವರು ಯಾರು?

ಗಿಡ ನೆಡುವ ದಿನ ಎಲ್ಲರೂ ಬರುತ್ತಾರೆ. ನನಗೆ ಗೊತ್ತಿರುವ ಒಂದು ಬಯಲಿನಲ್ಲಿ ಮೂರು ವರ್ಷ ವನಮಹೋತ್ಸವ ನಡೆಯಿತು, ಮೂರೂ ವರ್ಷ ಅದೇ ಗುಂಡಿಗಳು. ಗುಂಡಿ ತೋಡುವ ಖರ್ಚಾದರೂ ಉಳಿಯಿತು ಅನ್ನಿ. ಲೆಕ್ಕ ಹಾಕಿ ನೋಡಿ: 1,500 ಸಸಿಗೆ ವಾರಕ್ಕೆ 20 ಲೀಟರ್ ಅಂದರೆ 30,000 ಲೀಟರ್, ಅಂದರೆ 5,000 ಲೀಟರಿನ ಆರು ಟ್ಯಾಂಕರ್. ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ 18 ವಾರ. ವರ್ಷಕ್ಕೆ 108 ಟ್ಯಾಂಕರ್, ಮೂರು ವರ್ಷಕ್ಕೆ 300 ದಾಟುತ್ತದೆ. ಬಜೆಟ್ಟಿನಲ್ಲಿ ಗೇಟು, ಕಮಾನು ಇರುತ್ತದೆ. ಈ ಟ್ಯಾಂಕರ್ ಇರುವುದಿಲ್ಲ.

ಬಾಸ್ಟನ್ ನಗರದ ಅರ್ನಾಲ್ಡ್ ಅರ್ಬೊರೇಟಮ್ 1872ರಲ್ಲಿ ಶುರುವಾಯಿತು, 281 ಎಕರೆ. ಹತ್ತು ವರ್ಷದ ಮೇಲೆ ನಗರಾಡಳಿತಕ್ಕೂ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೂ ಒಂದು ಕರಾರು ಆಯಿತು. ಜಾಗ ನಗರದ್ದು, ರಸ್ತೆ ಮತ್ತು ಕಾವಲು ನಗರದ್ದು. ಗಿಡ ಮತ್ತು ದಫ್ತರ ವಿಶ್ವವಿದ್ಯಾಲಯದ್ದು. ಬಾಡಿಗೆ ವರ್ಷಕ್ಕೆ ಒಂದು ಡಾಲರ್. ಅವಧಿ ಒಂದು ಸಾವಿರ ವರ್ಷ! ಓದಿದಾಗ ನಗು ಬಂದಿತ್ತು, ಆಮೇಲೆ ಅಸೂಯೆ ಆಯಿತು. ಮೊದಲ ನಿರ್ದೇಶಕ ಚಾರ್ಲ್ಸ್ ಸಾರ್ಜೆಂಟ್ ಅಲ್ಲಿ ಇದ್ದದ್ದು 1927ರವರೆಗೆ, ಐವತ್ತಕ್ಕೂ ಹೆಚ್ಚು ವರ್ಷ. ನಮ್ಮಲ್ಲಿ ಅಧಿಕಾರಿಗಳ ವರ್ಗಾವಣೆಯೇ ಒಂದು ಋತು.

ಸಾವಿರ ವರ್ಷ ಬೇಡ, ಐವತ್ತು ಸಾಕು. ಕಲಬುರಗಿಯಲ್ಲಿ ವಿಶಾಲ ಆವರಣದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಅಲ್ಲೊಂದು ಸಸ್ಯಶಾಸ್ತ್ರ ವಿಭಾಗ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ದುಡ್ಡಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಸಿ ಬೆಳೆಸುವ ಕೈ ಅರಣ್ಯ ಇಲಾಖೆಯಲ್ಲಿದೆ. ಇವರ ನಡುವೆ ಯಾರದ್ದು ಏನು ಅಂತ ಬರೆದ ಒಂದು ಕಾಗದ ಬೇಕು. ಮತ್ತೆ ಒಂದು ಹುದ್ದೆ ಬೇಕು, ಕಾಯಂ ಹುದ್ದೆ, ದಫ್ತರ ಬರೆಯುವವರದ್ದು. ನನ್ನ ಕೈಗೆ ಈ ಯೋಜನೆಯ ಬಜೆಟ್ ಕೊಟ್ಟರೆ ಕಮಾನಿನ ದುಡ್ಡನ್ನು ಮೊದಲು ಆ ಸಂಬಳಕ್ಕೆ ಇಡುತ್ತೇನೆ.

ಮೊದಲ ವರ್ಷ ಒಂದೂ ಗುಂಡಿ ತೋಡಬಾರದು. ಆ ವರ್ಷದ ಕೆಲಸ ತಾಯಿ ಗಿಡ ಹುಡುಕುವುದು, ಬೀಜ ಆರಿಸುವುದು. ಜೂನ್‌ನಲ್ಲಿ ನೇರಳೆ, ಜೂನ್-ಜುಲೈನಲ್ಲಿ ಬೇವು, ಇಪ್ಪೆ. ಇಪ್ಪೆ ಉದುರಿದ ವಾರವೇ ಚೀಲದ ಮಣ್ಣಿಗೆ ಬೀಳಬೇಕು, ತಡ ಮಾಡಿದರೆ ಇನ್ನೊಂದು ವರ್ಷ ಕಾಯಬೇಕು. ಉದ್ಘಾಟನೆಗೆ ಬಂದವರಿಗೆ ತೋರಿಸಲು ನೆರಳುಬಲೆಯ ಕೆಳಗೆ ಒಂದಷ್ಟು ಕಪ್ಪು ಚೀಲಗಳು, ಒಂದು ದಪ್ಪ ಬುಕ್ಕು ಬಿಟ್ಟರೆ ಏನೂ ಇರುವುದಿಲ್ಲ.

ಬನ್ನಿ ಬೀಜದ ಒಂದು ವಿಳಾಸ ಮಾತ್ರ ಈಗಲೇ ನನ್ನ ಹತ್ತಿರ ಇದೆ. ಅವತ್ತು ಆ ಆಯಿಯನ್ನೇ ಕೇಳಿದ್ದೆ, ಹಾಗಾದರೆ ಅಸಲಿ ಬನ್ನಿ ಎಲ್ಲಿದೆ ಆಯೀ ಅಂತ. "ನಮ್ಮ ತವರಮನಿ ಹೊಲದಾಗ ಅದ. ಅಫಜಲಪುರ ದಾಟಿ ಹೋಗ್ಬೇಕು, ಬಾವಿ ಬಾಜೂಕ. ನಾ ಸಣ್ಣಾಕಿ ಇದ್ದಾಗೂ ಇಷ್ಟೇ ದಪ್ಪ ಇತ್ತು," ಅಂದರು. ಸರ್ವೆ ನಂಬರ್ ಅವರಿಗೆ ಗೊತ್ತಿರಲಿಲ್ಲ. ಅವರ ತಮ್ಮನ ಫೋನ್ ನಂಬರ್ ಬರೆದುಕೊಂಡು ಬಂದಿದ್ದೇನೆ.